ಲಿಂಕ್ ಕಳಿಸಬೇಡಿ ಮಾರಾಯ್ರೆ

ನಿನ್ನೆ, 2021ರ ಫೆಬ್ರವರಿ 23ರ ಸಂಜೆ, ಇಲ್ಲಿ ಐರ್ಲೆಂಡಿನ ಪ್ರಧಾನಿ ಮಿಹಾಲ್ ಮಾರ್ಟಿನ್ ಟಿವಿಯಲ್ಲಿ ಬಂದರು. ಲಾಕ್‌ಡೌನ್ ಏಪ್ರಿಲ್ 5ರವರೆಗೆ ಅಂದರು. ಕ್ಯಾಲೆಂಡರ್ ತೆಗೆದು ನೋಡಿ. 2021ರ ಈಸ್ಟರ್ ಏಪ್ರಿಲ್ 4ಕ್ಕೆ. ಒಂದೇ ಒಂದು ದಿನದಲ್ಲಿ ತಪ್ಪಿತು. ಅಂದರೆ ಐರ್ಲೆಂಡಿನಲ್ಲಿ ಸತತ ಎರಡನೇ ವರ್ಷವೂ ಈಸ್ಟರ್ ಪೂಜೆ ಖಾಲಿ ಚರ್ಚಿನಲ್ಲಿ.

ಅದಕ್ಕೆ ನನಗೆ ಸಿಟ್ಟಿಲ್ಲ. ಬೇಜಾರು ಇದೆ, ಸಿಟ್ಟಿಲ್ಲ. ಸಿಟ್ಟು ಬಂದದ್ದು ಆಮೇಲೆ. ಭಾಷಣ ಮುಗಿದದ್ದೇ ತಡ, ನಮ್ಮ ವಾಟ್ಸ್ಆಪ್ ಗುಂಪಿನಲ್ಲಿ ಆನ್‌ಲೈನ್ ಪೂಜೆಯ ಲಿಂಕ್‌ಗಳ ಸುರಿಮಳೆ. ‘ಈಸ್ಟರ್‌ಗೆ ಇದನ್ನು ಹಾಕಿ, ಕ್ಯಾಮೆರಾ ಸೂಪರ್.’ ‘ಇಲ್ಲಿ ಫಾದರ್ ಪ್ರಬೋಧನೆ ಚಿಕ್ಕದು, ಬೇಗ ಬಿಡ್ತಾರೆ.’ ‘ಈ ಚರ್ಚಿನ ಗಾಯನ ಮಂಡಳಿ ಕೇಳಿ, ಹಳೇ ರೆಕಾರ್ಡಿಂಗ್ ಹಾಕ್ತಾರೆ, ಗೊತ್ತೇ ಆಗಲ್ಲ.’ ಕೊನೆಗೆ ಮಂಗಳೂರು ಕಡೆಯ ನಮ್ಮ ಊರಿನಿಂದ ಒಬ್ಬರು: ‘ನೀವು ಪುಣ್ಯವಂತರು ಮಾರಾಯ್ರೆ, ಹಾಸಿಗೆಯಲ್ಲೇ ಕೂತು ಪೂಜೆ. ನಾವು ಬೆಳಿಗ್ಗೆ ಆರಕ್ಕೆ ಎದ್ದು ಹೋಗ್ಬೇಕು.’

ಹೋಗಿ ಮಾರಾಯ್ರೆ. ಎದ್ದು ಹೋಗಿ. ನಿಮ್ಮ ಕಾಲಿಗೆ ಬೀಳ್ತೇನೆ.

ಮೊದಲೇ ಹೇಳಿಬಿಡ್ತೇನೆ, ನಾನು ಲಾಕ್‌ಡೌನ್ ವಿರೋಧಿ ಅಲ್ಲ. ನಾನು ಇಲ್ಲಿ ಆಸ್ಪತ್ರೆಯಲ್ಲಿ ಕೆಲಸ ಮಾಡುವುದು ಅಂತ ನಿಮಗೆಲ್ಲ ಗೊತ್ತು. ಜನವರಿ 8ರಂದು ಈ ಪುಟ್ಟ ದೇಶದಲ್ಲಿ ಒಂದೇ ದಿನ 8,248 ಹೊಸ ಕೇಸುಗಳು. ಇಡೀ ಐರ್ಲೆಂಡಿನ ಜನಸಂಖ್ಯೆ ಸುಮಾರು 50 ಲಕ್ಷ. ನಮ್ಮ ಬೆಂಗಳೂರಿನ ಅರ್ಧವೂ ಇಲ್ಲ. ಆ ವಾರ ನಮ್ಮ ವಾರ್ಡಿನಲ್ಲಿ ಏನಿತ್ತು ಅಂತ ಇಲ್ಲಿ ಬರೆಯುವುದಿಲ್ಲ. ಕ್ರಿಸ್‌ಮಸ್‌ಗೆ ಅಂತ ಡಿಸೆಂಬರ್ ಮೊದಲ ದಿನ ಚರ್ಚ್ ತೆರೆದರು, ಹಬ್ಬ ಮುಗಿದ ಮರುದಿನದಿಂದ ಮತ್ತೆ ಆನ್‌ಲೈನ್ ಮಾತ್ರ. ಸರಿಯಾಗೇ ಮಾಡಿದರು. ಗಡಿಯಾಚೆ ಉತ್ತರ ಐರ್ಲೆಂಡಿನಲ್ಲಿ ಕಾನೂನು ಚರ್ಚ್ ಮುಚ್ಚಿ ಅಂತ ಹೇಳಿರಲಿಲ್ಲ. ಅಲ್ಲಿನ ಕಥೋಲಿಕ ಬಿಷಪರು ಜನವರಿಯಲ್ಲಿ ತಾವಾಗಿಯೇ ಜನ ಸೇರುವ ಪೂಜೆ ನಿಲ್ಲಿಸಿದರು. ಅದನ್ನು ಓದಿ ನನಗೆ ಹೆಮ್ಮೆಯೇ ಆಯಿತು.

ಹಾಗಾಗಿ ‘ಮದ್ಯದಂಗಡಿ ತೆರೆದಿದೆ, ಚರ್ಚ್ ಯಾಕೆ ಮುಚ್ಚಿದೆ’ ಅಂತ ಕೂಗುವ ಗುಂಪಿಗೂ ನನ್ನನ್ನು ಸೇರಿಸಬೇಡಿ. ಕಳೆದ ವರ್ಷ ಕರ್ನಾಟಕದಲ್ಲೂ ಮೇ 4ಕ್ಕೇ ಬಾಟಲಿ ಅಂಗಡಿ ಬಾಗಿಲು ತೆಗೆದಿತ್ತು, ದೇವರ ಬಾಗಿಲು ತೆಗೆಯಲು ಅನುಮತಿ ಸಿಕ್ಕಿದ್ದು ಜೂನ್ 8ಕ್ಕೆ. ದೇವರೇನೂ ಕೋಪ ಮಾಡಿಕೊಂಡಂತೆ ಕಾಣಲಿಲ್ಲ.

ನನ್ನ ತಕರಾರು ಇಷ್ಟೇ. ಮುಚ್ಚಿದ್ದೇವೆ ಅಂತ ಹೇಳಿ, ಒಪ್ಪುತ್ತೇನೆ. ಮುಚ್ಚಿಯೇ ಇಲ್ಲ, ಎಲ್ಲ ಆನ್‌ಲೈನ್‌ನಲ್ಲಿ ಇದೆಯಲ್ಲ ಅಂತ ಹೇಳಬೇಡಿ.

ನಮ್ಮ ಚರ್ಚಿನ ಕ್ಯಾಮೆರಾ ಬಾಲ್ಕನಿಯ ಮೂಲೆಯಲ್ಲಿದೆ. ಅಲ್ಲಿಂದ ಬಲಿಪೀಠ ಬೆಂಕಿಪೊಟ್ಟಣದಷ್ಟು ಕಾಣುತ್ತದೆ. ಫಾದರ್ ಇದ್ದಾರೆ. ಪಕ್ಕದ ಬೆಂಚಿನಲ್ಲಿ ಸ್ಯಾಕ್ರಿಸ್ಟನ್, ಅಂದರೆ ಪೂಜೆಗೆ ಎಲ್ಲ ಸಿದ್ಧ ಮಾಡಿಕೊಡುವ ಹೆಂಗಸು, ಕೋಟು ಹಾಕಿಕೊಂಡೇ ಕೂತಿರುತ್ತಾರೆ, ಯಾಕೆಂದರೆ ಜನ ಇಲ್ಲದ ಚರ್ಚಿಗೆ ಹೀಟರ್ ಹಾಕುವುದಿಲ್ಲ. ಫಾದರ್ ‘ಪ್ರಭು ನಿಮ್ಮೊಂದಿಗಿರಲಿ’ ಅನ್ನುತ್ತಾರೆ. ಮುನ್ನೂರು ಜನ ಕೂರುವ ಕಟ್ಟಡದಿಂದ ಒಂದೇ ಒಂದು ದನಿ ಉತ್ತರ ಕೊಡುತ್ತದೆ, ಅದೂ ಕೆಮ್ಮು ತಡೆದುಕೊಂಡು. ಮನೆಯಲ್ಲಿ ಕೂತ ನಾವು ಉತ್ತರ ಕೊಡುತ್ತೇವಾ? ಎದೆ ಮುಟ್ಟಿ ಹೇಳಿ. ನಾನು ಎರಡನೇ ವಾರಕ್ಕೇ ನಿಲ್ಲಿಸಿದೆ. ಮೂರನೇ ವಾರಕ್ಕೆ ಪೂಜೆ ಓಡುತ್ತಿರುವಾಗಲೇ ಮೀನು ಸ್ವಚ್ಛ ಮಾಡುತ್ತಿದ್ದೆ. ಪರಮಪ್ರಸಾದದ, ಅಂದರೆ ಫಾದರ್ ಪವಿತ್ರ ರೊಟ್ಟಿ ಕೊಡುವ ಹೊತ್ತಿಗೆ, ಪರದೆಯ ಮೇಲೆ ಅದನ್ನು ಮನಸ್ಸಿನಲ್ಲೇ ಸ್ವೀಕರಿಸುವ ಆತ್ಮಿಕ ಪರಮಪ್ರಸಾದದ ಪ್ರಾರ್ಥನೆ ಬರುತ್ತದೆ, ಸಂತ ಅಲ್ಫೋನ್ಸರು ಬರೆದದ್ದು. ನನ್ನ ಕೈ ತುಂಬ ಮೀನಿನ ಹುರುಪೆ.

ಇನ್ನೊಂದು ಗುಟ್ಟು ಹೇಳ್ತೇನೆ. ಕಳೆದ ವರ್ಷ ಮಾರ್ಚ್‌ನಲ್ಲಿ ಮೊದಲ ಸಲ ಮುಚ್ಚಿದಾಗ ನನಗೆ ಒಳಗೊಳಗೇ ಖುಷಿ ಆಗಿತ್ತು. ನೈಟ್ ಡ್ಯೂಟಿ ಮುಗಿಸಿ ಬಂದು, ಮಗಳಿಗೆ ಡ್ರೆಸ್ ಹಾಕಿ, ಹತ್ತೂವರೆ ಪೂಜೆಗೆ ಓಡುವುದು ತಪ್ಪಿತಲ್ಲ ಅಂತ. ಬಿಷಪರು ಭಾನುವಾರ ಪೂಜೆಗೆ ಹೋಗಲೇಬೇಕೆಂಬ ಕಡ್ಡಾಯವನ್ನು ಮನ್ನಾ ಮಾಡಿದ್ದಾರೆ, ಪಾಪವೂ ಇಲ್ಲ. ನಾನು ಅಷ್ಟೇನೂ ಭಕ್ತೆ ಅಲ್ಲ, ನಿಮಗೇ ಗೊತ್ತು. ಮೂಡುಬಿದಿರೆಯಲ್ಲಿ ಇದ್ದಾಗಲೂ ಹಿಂದಿನ ಬೆಂಚೇ. ಇಲ್ಲೂ ಹಿಂದಿನ ಬೆಂಚೇ, ಅಲ್ಲಿ ರೇಡಿಯೇಟರ್ ಇದೆ.

ಆದರೆ ಆ ಬೆಂಚಿಗೆ ಹೋಗುವ ಮೊದಲು ಬಾಗಿಲು ದಾಟಬೇಕಲ್ಲ. ಬಾಗಿಲಲ್ಲಿ ಒಬ್ಬ ಅಜ್ಜ ನಿಲ್ಲುತ್ತಿದ್ದರು. ಕೈಗೆ ವಾರದ ಚೀಟಿ ಕೊಡುವುದು, ಕಾಣಿಕೆ ಬುಟ್ಟಿ ಹಿಡಿಯುವುದು ಅವರ ಕೆಲಸ. ನಾನು ಈ ಊರಿಗೆ ಬಂದಾಗ ಆಸ್ಪತ್ರೆಯ ಹೊರಗೆ ನನ್ನ ಜೊತೆ ಮೊದಲು ಮಾತಾಡಿದವರು ಅವರೇ. ಮಂಗಳೂರು ಅಂತ ಎಷ್ಟು ಸಲ ಹೇಳಿದರೂ ಬ್ಯಾಂಗಲೋರ್ ಅಂತಲೇ ಅನ್ನುತ್ತಿದ್ದರು. ಪ್ರತಿ ಭಾನುವಾರ ಒಂದೇ ಪ್ರಶ್ನೆ: ‘ಬ್ಯಾಂಗಲೋರ್‌ನಲ್ಲಿ ಮಳೆಯಾ?’ ಜನವರಿಯಲ್ಲಿ ಮಳೆ ಎಲ್ಲಿಂದ ಬರಬೇಕು? ಆದರೂ ಕೇಳುವುದೇ.

ಅವರು ಈ ಜನವರಿಯಲ್ಲಿ ತೀರಿಕೊಂಡರು. ಕೋವಿಡ್ ಅಲ್ಲ, ಹೃದಯ. ಇಲ್ಲಿ ಸಾವಿನ ಸುದ್ದಿ ನೋಡಲು ಎಲ್ಲರೂ ತೆರೆಯುವ ಒಂದು ವೆಬ್‌ಸೈಟ್ ಇದೆ, ಆರ್‌ಐಪಿ ಡಾಟ್ ಐಇ. ಹಳ್ಳಿಯವರು ಬೆಳಿಗ್ಗೆ ಚಹಾದ ಜೊತೆ ಅದನ್ನೇ ಓದುವುದು. ಅದರಲ್ಲಿ ಬಂತು: ಸರ್ಕಾರದ ನಿಯಮದಂತೆ ಅಂತ್ಯಕ್ರಿಯೆ ಹತ್ತು ಜನರಿಗೆ ಮಾತ್ರ, ಮನೆಗೆ ಬರಬೇಡಿ, ಪೂಜೆ ವೆಬ್‌ಕ್ಯಾಮಿನಲ್ಲಿ ನೋಡಿ.

ಐರ್ಲೆಂಡಿನ ಹಳ್ಳಿಯ ಸಾವು ಗೊತ್ತಿಲ್ಲದವರಿಗೆ ಇದು ಅರ್ಥ ಆಗುವುದಿಲ್ಲ. ಇಲ್ಲಿ ಸತ್ತವರನ್ನು ಮನೆಗೆ ತಂದು ಮಲಗಿಸುತ್ತಾರೆ. ಊರಿಗೆ ಊರೇ ಸಾಲಾಗಿ ಬಂದು ಮನೆಯವರ ಕೈ ಹಿಡಿದು ‘ಸಾರಿ ಫಾರ್ ಯುವರ್ ಟ್ರಬಲ್’ ಅಂತ ಒಂದೇ ಮಾತು ಹೇಳುತ್ತದೆ. ಅಡುಗೆಮನೆಯಲ್ಲಿ ಅಕ್ಕಪಕ್ಕದ ಹೆಂಗಸರು ಸ್ಯಾಂಡ್‌ವಿಚ್ ಕತ್ತರಿಸುತ್ತಾರೆ. ನಮ್ಮ ಕಡೆ ಸಾವಿನ ಮನೆಗೆ ಗುರ್ಕಾರರು, ಅಂದರೆ ಚರ್ಚಿನ ವಾಳೆಯ ಮುಖ್ಯಸ್ಥರು, ಮೊದಲು ಬಂದು ಕೂರುವುದಿಲ್ವಾ, ಹಾಗೇ. ಮೂವತ್ತನೇ ದಿನದ ಪೂಜೆಯೂ ನಮ್ಮ ಹಾಗೇ ಇದೆ. ಈ ಜನರಿಗೆ ಹತ್ತು ಜನ ಅಂದರೆ! ಆ ಅಜ್ಜನ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳನ್ನು ಎಣಿಸಿದರೆ ಹತ್ತು ಅಡುಗೆಮನೆ ಮೇಜಿನಲ್ಲೇ ಮುಗಿಯುತ್ತದೆ. ಯಾವ ಮೊಮ್ಮಗ ಒಳಗೆ, ಯಾವ ಮೊಮ್ಮಗ ಹೊರಗೆ ಅಂತ ಮನೆಯವರು ಕೂತು ತೀರ್ಮಾನ ಮಾಡಬೇಕಾಯಿತು.

ನಾವು ಹೋದೆವು. ಒಳಗೆ ಅಲ್ಲ, ಚರ್ಚಿನ ಕಾರ್ ಪಾರ್ಕಿಗೆ. ನಮ್ಮಂಥವರೇ ತುಂಬ ಕಾರು. ಎಲ್ಲರೂ ಗಾಜು ಏರಿಸಿ, ಮೊಬೈಲನ್ನು ಸ್ಟೀರಿಂಗ್‌ಗೆ ಒರಗಿಸಿ ಪೂಜೆ ನೋಡುತ್ತಿದ್ದರು. ಗೋಡೆಯಾಚೆ ನಡೆಯುತ್ತಿರುವ ಪೂಜೆಯನ್ನು ಗೋಡೆಯೀಚೆ ಫೋನಿನಲ್ಲಿ. ಲೈವ್ ಅಂದರೂ ಅದು ಅರ್ಧ ನಿಮಿಷ ಹಿಂದೆ ಇರುತ್ತದೆ. ಹಾಗಾಗಿ ಏನಾಯಿತು ಗೊತ್ತಾ? ಫೋನಿನಲ್ಲಿ ಫಾದರ್ ಇನ್ನೂ ಶವಪೆಟ್ಟಿಗೆಗೆ ತೀರ್ಥ ಚಿಮುಕಿಸುತ್ತಿದ್ದಾರೆ, ಇತ್ತ ಬಾಗಿಲು ತೆರೆದು ಪೆಟ್ಟಿಗೆ ಹೊರಗೇ ಬಂದುಬಿಟ್ಟಿತು. ಯಾವುದನ್ನು ನೋಡುವುದು ಅಂತ ಯಾರಿಗೂ ತಿಳಿಯಲಿಲ್ಲ. ಪಕ್ಕದ ಕಾರಿನವನು ಒಂದು ಸಲ ಫೋನ್ ನೋಡಿದ, ಒಂದು ಸಲ ಬಾಗಿಲು ನೋಡಿದ, ಆಮೇಲೆ ಫೋನನ್ನು ಹಿಂದಿನ ಸೀಟಿಗೆ ಎಸೆದು ಇಳಿದು ನಿಂತ.

ಆಮೇಲೆ ರಸ್ತೆಯುದ್ದಕ್ಕೂ ಜನ ನಿಂತರು, ಇಬ್ಬರ ನಡುವೆ ಎರಡು ಮೀಟರ್ ಬಿಟ್ಟು. ಸಣ್ಣ ಹಿಮಮಳೆ. ಶವದ ವಾಹನ ನಡಿಗೆಯ ವೇಗದಲ್ಲಿ ಹೋಯಿತು. ಗಂಡಸರು ಟೋಪಿ ತೆಗೆದರು. ಯಾರೂ ಯಾರ ಕೈಯನ್ನೂ ಹಿಡಿಯಲಿಲ್ಲ. ರಸ್ತೆಯಲ್ಲಿ ಹಾಗೆ ನಿಲ್ಲುವುದನ್ನು ಈ ಜನ ತಾವೇ ಕಂಡುಕೊಂಡರು. ಯಾವ ಇಲಾಖೆಯೂ ಹೇಳಿಕೊಟ್ಟದ್ದಲ್ಲ, ಯಾವ ಲಿಂಕಿನಲ್ಲೂ ಬಂದದ್ದಲ್ಲ.

ಈಗ ಗುಂಪಿನಲ್ಲಿ ನನಗೆ ಬಂದ ಉತ್ತರ: ‘ಅಕ್ಕ, ನೀವು ಹೀಗೆ ಹೇಳಿದರೆ ಹೇಗೆ? ಹಾಸಿಗೆ ಹಿಡಿದ ವಯಸ್ಸಾದವರಿಗೆ ಆನ್‌ಲೈನ್ ಪೂಜೆ ಎಷ್ಟು ದೊಡ್ಡ ವರ.’

ಇದನ್ನು ಎಲ್ಲರೂ ಹೇಳ್ತಾರೆ. ಕೇಳಲು ಚೆನ್ನಾಗೂ ಇದೆ. ಆದರೆ ಈ ವರ ಕೊರೊನಾ ಕೊಟ್ಟದ್ದಲ್ಲ ತಂಗಿ. ಐರ್ಲೆಂಡಿನ ಎಷ್ಟೋ ಚರ್ಚುಗಳಲ್ಲಿ ವೆಬ್‌ಕ್ಯಾಮ್ ಮೊದಲೇ ಇತ್ತು. ಅದಕ್ಕೂ ಮೊದಲು ಚರ್ಚಿನದೇ ರೇಡಿಯೋ ಇತ್ತು, ಪುಟ್ಟ ರಿಸೀವರ್ ಮನೆಯಲ್ಲಿಟ್ಟರೆ ಪೂಜೆ ಕೇಳುತ್ತಿತ್ತು. ಮನೆಯಲ್ಲೇ ಇರುವವರಿಗೆ ಕೊರೊನಾ ಹೊಸದಾಗಿ ಕೊಟ್ಟದ್ದು ಏನೂ ಇಲ್ಲ. ಕಿತ್ತುಕೊಂಡದ್ದು ಮಾತ್ರ ಇದೆ. ತಿಂಗಳ ಮೊದಲ ಶುಕ್ರವಾರ ಫಾದರ್ ಅವರ ಮನೆಗೆ ಪರಮಪ್ರಸಾದ ತರುತ್ತಿದ್ದರು. ಆ ದಿನ ಅವರು ತಲೆ ಬಾಚಿ, ಒಳ್ಳೆ ಚಹಾ ಕಪ್ ತೆಗೆದಿಟ್ಟು, ಮೇಜಿಗೆ ಬಿಳಿ ಬಟ್ಟೆ ಹಾಸಿ, ಮೇಣದಬತ್ತಿ ಹಚ್ಚಿ ಕಾಯುತ್ತಿದ್ದರು. ಐದು ನಿಮಿಷ ಪ್ರಾರ್ಥನೆ, ಇಪ್ಪತ್ತು ನಿಮಿಷ ಊರ ಸುದ್ದಿ. ಅದು ನಿಂತಿತು. ಅವರ ಹೆಸರಿನಲ್ಲಿ ಈಗ ಲಿಂಕ್ ಮಾರುತ್ತಿರುವವರು ನಾವು, ಕಾಲು ಗಟ್ಟಿ ಇರುವವರು, ಹತ್ತೂವರೆಗೆ ಏಳಲು ಸೋಮಾರಿತನ ಇರುವವರು.

ಒಂದೇ ಒಂದು ಸಲ ಮನೆಯಲ್ಲಿ ನಡೆದದ್ದು ನನಗೆ ಇಷ್ಟ ಆಯಿತು. ಅದನ್ನೂ ಹೇಳಿಬಿಡುತ್ತೇನೆ. ಕಳೆದ ಬುಧವಾರ, 17ಕ್ಕೆ, ಬೂದಿ ಬುಧವಾರ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಶುರುವಾಗುವ ದಿನ. ಈ ವರ್ಷ ಹಣೆಗೆ ಹಚ್ಚುವ ಬದಲು ತಲೆಯ ಮೇಲೆ ಉದುರಿಸಿ, ಒಬ್ಬೊಬ್ಬರಿಗೂ ‘ನೀನು ಮಣ್ಣು, ಮಣ್ಣಿಗೇ ಮರಳುವೆ’ ಅನ್ನುವ ಮಂತ್ರ ಹೇಳಬೇಡಿ ಅಂತ ವ್ಯಾಟಿಕನ್ ಜನವರಿಯಲ್ಲೇ ಹೇಳಿತ್ತು. ಜನರೇ ಇಲ್ಲದ ಕಡೆ ಯಾರ ತಲೆಗೆ ಉದುರಿಸುವುದು? ನಮ್ಮ ಫಾದರ್ ಆಶೀರ್ವದಿಸಿದ ಬೂದಿಯನ್ನು ಚಿಕ್ಕ ಚಿಕ್ಕ ಪೊಟ್ಟಣ ಮಾಡಿ ಚರ್ಚಿನ ಬಾಗಿಲಲ್ಲಿ ಇಟ್ಟರು. ಖಾಸಗಿ ಪ್ರಾರ್ಥನೆಗೆ ಬಾಗಿಲು ತೆರೆದೇ ಇರುತ್ತದೆ, ಒಳಗೆ ಹೋಗಿ ಒಂದು ಪೊಟ್ಟಣ ತಂದೆ. ರಾತ್ರಿ ಡ್ಯೂಟಿಗೆ ಹೊರಡುವ ಮುಂಚೆ ಮಗಳು ಕುರ್ಚಿ ಹತ್ತಿ ನನ್ನ ಹಣೆಗೆ ಹೆಬ್ಬೆರಳಲ್ಲಿ ಒತ್ತಿದಳು. ಶಿಲುಬೆ ಬರಲಿಲ್ಲ, ದೊಡ್ಡ ಬೊಟ್ಟು ಬಂತು. ‘ಅಮ್ಮ, ನೀನು ಮಣ್ಣು’ ಅಂತ ಹೇಳಿ ಬಿದ್ದು ಬಿದ್ದು ನಕ್ಕಳು. ಇವಳ ಪ್ರಥಮ ಪರಮಪ್ರಸಾದ ಈ ಮೇ ತಿಂಗಳಿಗೆ ಅಂತ ಇತ್ತು. ಬಿಳಿ ಫ್ರಾಕು ನನ್ನ ಅಮ್ಮ ಮೂಡುಬಿದಿರೆಯಲ್ಲಿ ಹೊಲಿಸಿ ಇಟ್ಟಿದ್ದಾಳೆ. ಆಗುತ್ತೋ ಇಲ್ವೋ, ಆಗುವಷ್ಟರಲ್ಲಿ ಫ್ರಾಕು ಹಿಡಿಸುತ್ತೋ ಇಲ್ವೋ.

ನೋಡಿ, ಅವತ್ತು ಪರದೆ ಇರಲಿಲ್ಲ. ಕೈ ಇತ್ತು, ಬೂದಿ ಇತ್ತು, ಮೂಗಿನ ಮೇಲೆ ಉದುರಿದ ಪುಡಿ ಇತ್ತು. ನಮ್ಮ ಧರ್ಮವೇ ಹಾಗೆ ಅಲ್ವಾ? ನೀರು, ಎಣ್ಣೆ, ರೊಟ್ಟಿ, ಬೂದಿ, ಗರಿ. ಎಲ್ಲವೂ ಮುಟ್ಟುವ ವಸ್ತುಗಳೇ. ಮುಟ್ಟಬಾರದ ಕಾಲ ಬಂದಿದೆ, ಸರಿ, ಮುಟ್ಟುವುದಿಲ್ಲ. ಕೈ ತೊಳೆದು ತೊಳೆದು ನನ್ನ ಚರ್ಮ ಸುಲಿದಿದೆ, ನನಗೆ ಪಾಠ ಬೇಡ. ಆದರೆ ಮುಟ್ಟದಿದ್ದರೂ ಅದೇ, ಇನ್ನೂ ಅನುಕೂಲ, ಇನ್ನು ಮುಂದೆಯೂ ಹೀಗೇ ಇರಲಿ ಅನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಊಟ ಇಲ್ಲದ ದಿನ ಉಪವಾಸ ಅಂತಲೇ ಒಪ್ಪಿಕೊಳ್ಳಬೇಕು. ಹೇಗೂ ತಪಸ್ಸುಕಾಲ.

ಮಾರ್ಚ್ 5 ಮೊದಲ ಶುಕ್ರವಾರ. ಮನೆಮನೆಗೆ ಹೋಗುವ ಹಾಗಿಲ್ಲವಲ್ಲ, ಅದಕ್ಕೆ ಫೋನ್ ಮಾಡುತ್ತೇನೆ ಅಂತ ಚರ್ಚಿನ ಆಫೀಸಿನಿಂದ ಕೆಲವರ ನಂಬರ್ ತೆಗೆದುಕೊಂಡಿದ್ದೇನೆ. ಇವತ್ತೇ ಒಬ್ಬ ಅಜ್ಜಿಗೆ ಮಾಡಿ ನೋಡಿದೆ. ಎಂಬತ್ತು ದಾಟಿದವರು. ಪಾಪ, ಏನಾದರೂ ಪ್ರಾರ್ಥನೆ ಹೇಳಬೇಕೇನೋ ಅಂತ ಪುಸ್ತಕ ಹಿಡಿದು ಕೂತಿದ್ದೆ. ಅವರು ಲಸಿಕೆ ಯಾವಾಗ, ಎಡಗೈಗೋ ಬಲಗೈಗೋ ಅಂತ ಕೇಳಿದರು. ಪಕ್ಕದ ಮನೆಯ ನಾಯಿಯನ್ನು ಬೈದರು. ಕೊನೆಗೆ ‘ಫಾದರ್‌ಗೆ ಹೇಳು, ಕ್ಯಾಮೆರಾ ಚೆನ್ನಾಗಿದೆ, ಮೈಕ್ ಸರಿ ಇಲ್ಲ, ಕ್ರಿಸ್‌ಮಸ್‌ನಿಂದ ನನಗೆ ಒಂದಕ್ಷರವೂ ಕೇಳಿಸಿಲ್ಲ’ ಅಂದರು.

ಫಾದರ್‌ಗೆ ಹೇಳಿದೆ. ಮೈಕ್ ರಿಪೇರಿ ಮಾಡುವವನು ಐದು ಕಿಲೋಮೀಟರ್ ಆಚೆ ಇದ್ದಾನಂತೆ, ಲಾಕ್‌ಡೌನ್‌ನಲ್ಲಿ ಅಗತ್ಯ ಇಲ್ಲದೆ ಮನೆಯಿಂದ ಅಷ್ಟು ದೂರ ದಾಟುವ ಹಾಗಿಲ್ಲ. ಈ ಕೆಲಸ ಅಗತ್ಯ ಸೇವೆಗೆ ಸೇರುತ್ತದೋ ಇಲ್ಲವೋ ಅಂತ ಅವನಿಗೂ ಗೊತ್ತಿಲ್ಲ, ಫಾದರ್‌ಗೂ ಗೊತ್ತಿಲ್ಲ. ಪೊಲೀಸರನ್ನೇ ಕೇಳೋಣ ಅಂತ ನಾನು ಅಂದೆ.