‘ಮ್ಯಾಥ್ 8’ ನೋಡಿ ಶಾಲೆ ಅಳೆಯಬೇಡಿ

ಅಮೆರಿಕದ ವರ್ಜೀನಿಯಾ ರಾಜ್ಯದ ಫೇರ್‌ಫ್ಯಾಕ್ಸ್ ಕೌಂಟಿಯ ಮಿಡ್ಲ್ ಸ್ಕೂಲುಗಳನ್ನು ‘ಮ್ಯಾಥ್ 8’ (ಎಂಟನೇ ತರಗತಿಯ ಗಣಿತ ಪರೀಕ್ಷೆ) ಪಾಸಾದವರ ಶೇಕಡಾವಾರು ಹಿಡಿದು ಮೇಲೆ ಕೆಳಗೆ ಮಾಡುವ ಪಟ್ಟಿಗಳನ್ನು ಒಪ್ಪಲಾಗದು. ವರ್ಜೀನಿಯಾದಲ್ಲಿ ಎಂಟನೇ ತರಗತಿಯಲ್ಲೇ ಮುಂದಿನ ಹಂತದ ಗಣಿತವಾದ ಆಲ್ಜೀಬ್ರಾ 1 ಓದುವ ಮಗು ಮ್ಯಾಥ್ 8ರ ಎಸ್‌ಒಎಲ್ (ರಾಜ್ಯಮಟ್ಟದ ಪರೀಕ್ಷೆ) ಬರೆಯುವುದಿಲ್ಲ, ಆಲ್ಜೀಬ್ರಾದ್ದನ್ನು ಬರೆಯುತ್ತದೆ. ನೂರು ಮಕ್ಕಳಲ್ಲಿ 70 ಮಂದಿ ಆ ಕಡೆ ಹೋದರು, ಉಳಿದ 30ರಲ್ಲಿ 12 ಮಂದಿ ಫೇಲಾದರು ಅಂದುಕೊಳ್ಳಿ: ಮ್ಯಾಥ್ 8 ಫಲಿತಾಂಶ ಬರೀ ಶೇ. 60! ಒಳ್ಳೆಯ ಶಾಲೆಗೆ ಹೀಗೆ ಕೆಟ್ಟ ಹೆಸರು ಬರುವುದು ಅನ್ಯಾಯ. ಎರಡೂ ಪರೀಕ್ಷೆ ಬರೆದವರ ಸಂಖ್ಯೆಯನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಎಎಪಿ (ಹೆಚ್ಚಿನ ಮಟ್ಟದ ಓದಿಗೆ ಆಯ್ಕೆಯಾದ ಮಕ್ಕಳ ಕಾರ್ಯಕ್ರಮ) ಸೆಂಟರ್ ಇರುವ ಶಾಲೆಗಳದ್ದು ಇದಕ್ಕೆ ಉಲ್ಟಾ; ಅಕ್ಕಪಕ್ಕದ ಶಾಲೆಗಳ ವ್ಯಾಪ್ತಿಯಿಂದಲೂ ಆಯ್ದ ಮಕ್ಕಳು ಅಲ್ಲಿಗೆ ಬರುವುದರಿಂದ ಸರಾಸರಿ ಏರಿರುತ್ತದೆ. ಆ ಸರಾಸರಿಯನ್ನೇ ನಂಬಿ ಶಾಲೆಗಾಗಿ ಅಲ್ಲಿ ಮನೆ ಕೊಳ್ಳಬೇಡಿ.