ಸತ್ಯಾಂಶ: ಹೆಂಗಸರ ಮೆದುಳಿಗೆ ಓದು ಒಗ್ಗಲ್ವಾ?

‘ಓದೋದು ಗಂಡಸರ ಗುಣ, ಹೆಂಗಸರ ಮೆದುಳಿಗೆ ಅದು ಒಗ್ಗಲ್ಲ’ ಅನ್ನೋ ಫಾರ್ವರ್ಡ್ ತುಮಕೂರಿನ ಫ್ಯಾಮಿಲಿ ಗ್ರೂಪುಗಳಲ್ಲಿ ಓಡಾಡುತ್ತಿದೆ. ಇದು ಸುಳ್ಳು.

ಹಲವು ದೇಶಗಳ 15 ವರ್ಷದ ಮಕ್ಕಳಿಗೆ ನಡೆಸೋ ಪೀಸಾ (PISA) ಪರೀಕ್ಷೆಯಲ್ಲಿ 2018ರಲ್ಲಿ ಭಾರತ ಇರಲಿಲ್ಲ, ನಿಜ. ಆದರೆ ಅದನ್ನು ನಡೆಸೋ ಒಇಸಿಡಿ (OECD) ಅನ್ನೋ, ಹೆಚ್ಚಾಗಿ ಶ್ರೀಮಂತ ದೇಶಗಳ ಒಕ್ಕೂಟದ ದೇಶಗಳಲ್ಲಿ ಹುಡುಗಿಯರು ಓದಿನಲ್ಲಿ ಹುಡುಗರಿಗಿಂತ ಸರಾಸರಿ 30 ಅಂಕ ಮುಂದಿದ್ದರು. ಮೆದುಳಿನ ಮಾತು ಅಲ್ಲಿಗೆ ಮುಗಿಯಿತು.

ನಮ್ಮಲ್ಲಿ ಅಂತರ ಇರೋದು ಬೇರೆ ಕಡೆ. 2011ರ ಜನಗಣತಿ ಪ್ರಕಾರ ತುಮಕೂರು ಜಿಲ್ಲೆಯಲ್ಲಿ ಅಕ್ಷರ ಬಲ್ಲ ಗಂಡಸರು ಸುಮಾರು ಶೇ. 83, ಹೆಂಗಸರು ಶೇ. 67. ಶಾಲೆಗೇ ಕಳಿಸದೆ, ಓದಲ್ಲ ಅಂದರೆ ಹೇಗೆ?

‘ಸಂಜೆ ಗ್ರಂಥಾಲಯದಲ್ಲಿ ಪೇಪರ್ ಹಿಡಿದವರೆಲ್ಲ ಗಂಡಸರೇ’ ಅಂತಾರೆ. ಆ ಹೊತ್ತಿಗೆ ಒಲೆ ಮುಂದೆ ಮುದ್ದೆ ತಿರುವುತ್ತಿರೋದು ಯಾರು? ಊಟವಾದ ಮೇಲೆ ಅವರು ಮೊಬೈಲಲ್ಲಿ ಓದೋ ಧಾರಾವಾಹಿಯನ್ನು ಯಾರೂ ಲೆಕ್ಕಕ್ಕೇ ಹಿಡಿಯಲ್ಲ, ಅಲ್ವಾ?