ಬ್ಯಾಗಿಗೂ ಬೆನ್ನಿಗೂ ನಡುವಿನ ಸಂದಿ ಯಾರ ಜವಾಬ್ದಾರಿ ಹೇಳ್ರಿ

ಈಗ ಅಂಗಡಿಯಿಂದ ಬಂದೇನಿ, ಚಾ ಕುಡದ್ರೂ ಸಿಟ್ಟು ಇಳಿವಲ್ದು. ನಕ್ಕರಲ್ರೀ! ಅಂಗಡ್ಯಾಗ ಇದ್ದ ಅಷ್ಟೂ ಮಂದಿ ನಕ್ಕರು. ಆ ಆಯಿ ಸೈತ.

ಕಣಕುಂಬ್ಯಾಗ ಮಳ್ಯಾಗ ನಾನೂ ನನ್ನ ಬ್ಯಾಗೂ ತೊಯ್ದ ವಿಷಯ ಮತ್ತ ಪೂರಾ ಹೇಳೂದಿಲ್ಲ, ಸಾಕಾಗೇತಿ ಹೇಳಿ ಹೇಳಿ. ಕಾಡಿನ್ಯಾಗ ಹೊಕ್ಕಿದ್ದಿಲ್ಲ ನಾವು, ಪಾರವಾಡ ಕಡೆ ಸುಮ್ಮನ ಡಾಂಬರ ರೋಡ ಹಿಡದು ನಡದಿದ್ದು ಅಷ್ಟೇ. ಆರಿದ್ರಾ ಮಳಿ. ಖಾನಾಪುರ ತಾಲೂಕಿನ ಆ ಮೂಲ್ಯಾಗ ಮಳಿ ಹೆಂಗ ಬಡಿತೈತಿ ಅನ್ನೂದು ಬೆಳಗಾವಿ ಟಿಳಕವಾಡ್ಯಾಗ ಬಾಲ್ಕನ್ಯಾಗ ಕುಂತು ಭಜಿ ತಿನ್ನಾವ್ರಿಗೆ ತಿಳಿಯೂದಿಲ್ಲ ಬಿಡ್ರಿ. ಮೈ ಮ್ಯಾಲ ಜಾಕೀಟ, ಬ್ಯಾಗಿನ ಮ್ಯಾಲ ಕವರ್, ಎರಡೂ ಹೊಸಾವು, ಎರಡೂ ಅದೇ ಅಂಗಡ್ಯಾವು.

ಬ್ಯಾಗಿನ ಕವರ್ ಅಂದ್ರ ಏನು ಹೇಳ್ರಿ? ಬ್ಯಾಗಿನ ಹೊರಗಿನ ಮೈಗೆ ಇಲಾಸ್ಟಿಕ್ ಹಾಕಿ ಎಳದ ಒಂದು ಅರಿವಿ. ಬೆನ್ನಿಗೆ ಹತ್ತೂ ಬಾಜೂ ಪೂರಾ ತೆರದೇ ಇರತೈತಿ, ಪಟ್ಟಿ ಅಲ್ಲೇ, ಸ್ಪಂಜೂ ಅಲ್ಲೇ. ತಲಿ ಮ್ಯಾಲ ಬಿದ್ದ ನೀರು ಹುಡ್‌ನಿಂದ ಇಳದು ಕುತ್ತಿಗಿ ಹಿಂದ ಬಂದು ಸೀದಾ ಆ ಸಂದ್ಯಾಗ ಹೋಗತೈತಿ, ಸ್ಪಂಜ್ ಹೀರತೈತಿ, ಸ್ಪಂಜಿನಿಂದ ಬ್ಯಾಗಿನ ಅರಿವಿಗೆ, ಅರಿವಿಯಿಂದ ನನ್ನ ಟಾವೆಲ್ಲಿಗೆ, ಅಲ್ಲಿಂದ ತಳಕ್ಕ ಹೋಗಿ ಕವರಿನ್ಯಾಗ ನಿಂದರತೈತಿ, ಯಾಕಂದ್ರ ಅದು ವಾಟರ್‌ಪ್ರೂಫ್ ನೋಡ್ರಿ, ಹೊರಗಿಂದು ಒಳಗ ಬಿಡೂದಿಲ್ಲ, ಒಳಗಿಂದು ಹೊರಗ ಬಿಡೂದಿಲ್ಲ. ಮಲಪ್ರಭಾ ಕಣಕುಂಬ್ಯಾಗ ಹುಟ್ಟಿ ಕೂಡಲಸಂಗಮದಾಗ ಕೃಷ್ಣಾಕ್ಕ ಕೂಡತಾಳ, ನನ್ನ ಕುತ್ತಿಗ್ಯಾಗ ಹುಟ್ಟಿದ್ದು ಚಡ್ಡ್ಯಾಗ ಬಂದು ಕೂಡತು.

ವಾಪಸ್ ಕೊಡಾಕ ಹೋಗಿದ್ದಿಲ್ಲ ನಾನು. ಖರೇ ಅಂದ್ರ ವಾಪಸ್ ಕೊಡಾಕೇ ಹೋಗಿದ್ದೆ, ಬಿಲ್ಲೂ ಕಿಸೆದಾಗ ಇತ್ತು, ಆದ್ರ ಮಾತು ಸುರು ಮಾಡಿದ್ದು ದೊಡ್ಡ ಸಂಭಾವಿತನಂಗ. "ಸಾವಕಾರ, ಮನಷ್ಯಾ ಮತ್ತ ಬ್ಯಾಗ್ ಎರಡನ್ನೂ ಕೂಡೇ ಮುಚ್ಚೂವಂಥಾದ್ದು ಏನರ ಐತೇನ್ರಿ" ಅಂದೆ. ಆಂವ ಮೊಬೈಲ್ ಬಿಟ್ಟು ತಲಿ ಎತ್ತಲಿಲ್ಲ. "ಕವರ್ ಒಯ್ದೀರಲ್ರೀ ಸರ." ಒಯ್ದೇನ್ರಿ, ಒಳಗ ನೀರ ಹೋಗಾಕತ್ತೈತಿ ಅಂದೆ. ಆಗ ಎತ್ತಿದ ನೋಡ್ರಿ ತಲಿ. ಹುಡುಗನ್ನ ಕರದು ಜಗ್ ತರಿಸಿದ, ನನ್ನ ಕವರನ್ನೇ ಕಸಗೊಂಡು ನಾಕೂ ಕಡೆ ಎತ್ತಿ ಹಿಡದು ನೀರು ಸುರವಿಸಿದ. ಎಲ್ಲಾರೂ ಬಗ್ಗಿ ನೋಡಿದ್ರು. ಒಂದು ಹನಿ ಬೀಳಲಿಲ್ಲ. "ಎಲ್ಲಿ ಸೋರತೈತಿ ತೋರಸ್ರಿ ಸರ."

ಅರೇ, ಕವರ್ ಸೋರತೈತಿ ಅಂತ ನಾ ಎಲ್ಲಿ ಅಂದೇನಿ? "ಕವರ್ ಇಲ್ಲದ ಕಡೆಯಿಂದ ಹೋಗತೈತ್ರಿ" ಅಂದೆ. ಅಂದ ಮ್ಯಾಲ ನನ್ನ ಕಿವಿಗೇ ಅದು ಹೆಂಗೋ ಕೇಳಿಸ್ತು. ಆಂವ ಸಾವಕಾಶ, ಒಂದೊಂದೇ ಶಬ್ದ ಬಿಡಿಸಿ, ಇಡೀ ಅಂಗಡಿಗೆ ಕೇಳೂವಂಗ ಹೇಳಿದ: "ಕವರ್ ಇಲ್ಲದ ಕಡೆ, ಕವರ್ ಇಲ್ಲ, ಅಂತ ಕಂಪ್ಲೇಂಟ್. ಹೌದಿಲ್ರಿ ಸರ?"

ಸುರು ಆತು ನಗಿ. ಜಗ್ ಹಿಡದ ಹುಡುಗಗ ನಕ್ಕು ನಕ್ಕು ನೀರು ಚೆಲ್ಲಿತು. ಅಷ್ಟಕ್ಕ ಬಿಡಲಿಲ್ಲ, ಬ್ಯಾಗ್ ಹಾಕ್ಕೋರಿ ನೋಡೂಣು ಅಂದ. ಹಾಕ್ಕೊಂಡೆ. ತಿರಗ್ರಿ ಅಂದ. ತಿರಗಿದೆ. ಇನ್ನೊಂದು ಸಲ ತಿರಗ್ರಿ ಅಂದ, ತಿರಗಿದೆ! ಯಾಕ ತಿರಗಿದೆ ಅಂತ ಕೇಳಬ್ಯಾಡ್ರಿ, ಕನ್ಯಾ ತೋರಸಾಕ ಕರಕೊಂಡು ಬಂದಂಗ ನಿಂತಿದ್ದೆ ನಾನು. "ಮಳ್ಯಾಗ ತೊಯ್ಯಬಾರ್ದು ಅಂದ್ರ ಮನ್ಯಾಗ ಕುಂಡ್ರಬೇಕ್ರಿ" ಅಂದ. ಬಣವಿ ಮುಚ್ಚಾಕ ತಾಡಪಾಲು ಒಯ್ಯಾಕ ಬಂದಿದ್ದ ಆಯಿ ಒಬ್ಬಾಕಿ, ಅಷ್ಟೊತ್ತನಕ ಸುಮ್ಮನ ಇದ್ದಾಕಿ, "ತಮ್ಮಾ, ಒಂದು ಚೀಲದ ಕೊಪ್ಪಿ ಹಾಕ್ಕೊ, ನೀನೂ ತೊಯ್ಯಂಗಿಲ್ಲ, ನಿನ್ನ ಗಂಟೂ ತೊಯ್ಯಂಗಿಲ್ಲ" ಅಂದ್ಲು.

ಸಿಟ್ಟು ಬಂದಿದ್ದು ಅದಕ್ಕ. ಆಕಿ ಹೇಳಿದ್ದು ಬರೋಬರಿ ಐತಲ್ರೀ! ಚೀಲದ ಒಂದು ಮೂಲಿ ಇನ್ನೊಂದು ಮೂಲ್ಯಾಗ ತುರಕಿದ್ರ ಕೊಪ್ಪಿ ಆತು, ತಲಿಯಿಂದ ಮೊಣಕಾಲತನಕ ಬೆನ್ನು ಪೂರಾ ಒಂದೇ ಅರಿವಿ, ಸಂದಿ ಅನ್ನೂದೇ ಇಲ್ಲ. ಕಂಬಳಿ ಕೊಪ್ಪಿ ಹಾಕ್ಕೊಂಡ ಕುರಿ ಕಾಯೋರು ಇದನ್ನ ಯಾವಾಗೋ ಮುಗಿಸ್ಯಾರ. ಸಾಲಿ ಹುಡುಗೋರ ರೇನ್‌ಕೋಟ್ ನೋಡ್ರಿ, ಬೆನ್ನಿಗೆ ಪಾಟೀಚೀಲ ಹಿಡಿಯೂವಷ್ಟು ಹೆಚ್ಚಿಗಿ ಅರಿವಿ ಬಿಟ್ಟು ಹೊಲದಿರತಾರ, ಮೂರನೇತ್ತಾ ಹುಡುಗನ ಕನ್ನಡ ಪುಸ್ತಕ ತೊಯ್ಯಬಾರ್ದು ಅಂತ ಯಾರೋ ತಲಿ ಓಡಿಸ್ಯಾರ. ದೊಡ್ಡವ್ರಾದ ಮ್ಯಾಲ ನಮಗ ಬೆನ್ನು ಇಲ್ಲೇನು? ಬೈಕ್ ಮಂದೀಗೆ ಪ್ಯಾಂಟು ಶರ್ಟು ಸೆಟ್ ಐತಿ, ಬೈಕಿಗೇ ಕವರ್ ಐತಿ. ನಡಿಯೋರಿಗೆ ಏನೂ ಇಲ್ಲ.

ಜಾಕೀಟಿಂದು ಬ್ಯಾರೇ ಕತಿ. ಲೇಬಲ್ ಮ್ಯಾಲ 10,000 ಮಿ.ಮೀ. ಅಂತ ಬರದಾರ, ಅಂದ್ರ ಅರಿವಿ ಮ್ಯಾಲ 10 ಮೀಟರ್ ಎತ್ತರ ನೀರು ನಿಂದರಿಸಿದ್ರೂ ತಡಕೋತೈತಿ ಅಂತ. ಪರೀಕ್ಷಾ ಮಾಡೂಮುಂದ ಅದರ ಮ್ಯಾಲ ಹೆಗಲ ಪಟ್ಟಿ ತಾಸುಗಟ್ಟಲೇ ತಿಕ್ಕತೈತೇನು? ಹೊಸಾದಿದ್ದಾಗ ನೀರು ಮಣಿಯಂಗ ಉರುಳಿ ಹೋಗತೈತಿ, ಪಟ್ಟಿ ತಿಕ್ಕಿದ ಜಾಗಾದಾಗ ಆ ಮ್ಯಾಲಿನ ಲೇಪ ಮೊದಲು ಸವಿತೈತಿ, ಆಮ್ಯಾಲ ಹೊರಗಿನ ಅರಿವಿ ನೀರು ಕುಡದು ಮೈಗೆ ಅಂಟತೈತಿ. "ಉಸಿರಾಡೂ ಬಟ್ಟೆ" ಅಂತ ರೊಕ್ಕ ಹೆಚ್ಚಿಗಿ ತೊಗೊಂಡಿದ್ದ. ಹೊರಗ ಹವಾದಾಗ ಪೂರಾ ತೇವ ತುಂಬಿದ ಮ್ಯಾಲ ಒಳಗಿನ ಬೆವರು ಹೋಗೂದಾದ್ರೂ ಎಲ್ಲಿಗೆ? ಅರ್ಧ ತೊಯ್ದಿದ್ದು ಮಳ್ಯಾಗ, ಅರ್ಧ ನನ್ನ ಬೆವರಿನ್ಯಾಗ.

ಹೋಗಲಿ ಬಿಡ್ರಿ. ಇನ್ನ ಇದರ ಸುದ್ದಿಗೇ ಹೋಗೂದಿಲ್ಲ. ಗೊಬ್ಬರದ ಚೀಲದ ಒಳಗ ಪ್ಲಾಸ್ಟಿಕ್ ಚೀಲ ಬರತೈತಲ್ಲ, ಹಂಥಾದ್ದು ಒಂದು ದಪ್ಪಂದು ಬ್ಯಾಗಿನ ಒಳಗ ಹಾಕಿ, ಎಲ್ಲಾ ಅದರಾಗ ತುಂಬಿ ಬಾಯಿ ತಿರುವಿ ಕಟ್ಟಿದ್ರ ಮುಗೀತು, ಬ್ಯಾಗ್ ತೊಯ್ದ್ರೂ ಸಾಮಾನು ತೊಯ್ಯೂದಿಲ್ಲ, ಮನಷ್ಯಾ ಹೆಂಗೂ ತೊಯ್ತಾನ, ತೊಯ್ಲಿ. ಎಷ್ಟು ಶಾಣ್ಯಾ ಮಾತು ನೋಡ್ರಿ. ಅಷ್ಟು ಶಾಣ್ಯಾ ಇದ್ದಾಂವ ಬರೂಮುಂದ ಏನ ಮಾಡಿದ ಗೊತ್ತೇನು? ಪೊಂಚೊ, ಅಂದ್ರ ತಲಿಯಿಂದ ಇಳಿಬಿಟ್ಟು ಹಾಕ್ಕೊಳ್ಳೂ ತೋಳಿಲ್ಲದ ಅಗಲ ರೇನ್‌ಕೋಟ್, ತೊಗೊಂಡು ಬಂದ. ಅದೇ ಅಂಗಡ್ಯಾಗ. ನಗಾಕತ್ತಿದ್ದ ಅದೇ ಮನಷ್ಯಾನ ಕಡೆ. ಬೈಬ್ಯಾಡ್ರಿ, ನಮ್ಮಾಕಿ ಎಲ್ಲಾ ಬೈದಾಳ. ನಾ ಕೇಳಿದ್ದು ಮೊದಲಿಂದಾನೂ ಅವನ ಕಪಾಟಿನ್ಯಾಗ ಇತ್ತಂತ್ರಿ! ನಂದು ಪೂರಾ ನಾಟಕ ಆದ ಮ್ಯಾಲ, ಬಿಲ್ ಹರದ ಹಾಕಿ ಹೊಂಟಾಗ, "ಪೊಂಚೊ ಐತಿ ನೋಡ್ತೀರೇನ್ರಿ ಸರ" ಅಂದ.

ಈಗ ಮನ್ಯಾಗ ಹಾಕಿ ನೋಡಿದೆ. ಬೆನ್ನಿನ ಬಾಜೂ ಮಡಚಿ ಬಟನ್ ಹಚ್ಚಿದ ಹೆಚ್ಚಿನ ಅರಿವಿ ಐತಿ, ಬಿಚ್ಚಿದ್ರ ಬ್ಯಾಗಿನ ಮ್ಯಾಲ ಹೋಗಬೇಕು. ಹೋಗತೈತಿ, ಆದ್ರ ಒಬ್ಬಂವಗ ಆಗೂದಿಲ್ಲ, ಹಿಂದ ನಿಂತು ಯಾರರ ಜಗ್ಗಬೇಕು. ನಮ್ಮಾಕಿ ಜಗ್ಗಿದ್ಲು, ಫೋಟೊ ತಗದ್ಲು, ತವರಮನಿ ಗ್ರೂಪಿಗೆ ಹಾಕಿದ್ಲು. ಹಿಂದ ಬ್ಯಾಗ್ ಮುಚ್ಚಿದ್ರ ಮುಂದ ಮೊಣಕಾಲು ಬಯಲು. ತಗ್ಗಿ ನೋಡಿದ್ರ ನನ್ನ ಕಾಲು ನಂಗೇ ಕಾಣೂದಿಲ್ಲ, ಕಲ್ಲಿನ ಇಳಕಲದಾಗ ಹೆಜ್ಜಿ ಎಲ್ಲಿ ಇಡಬೇಕು? ಮತ್ತ ಚೋರ್ಲಾ ಕಡೆ ಗಾಳಿ ಗೊತ್ತಲ್ಲ, ಬಾಜೂ ಪೂರಾ ತೆರದೈತಿ, ತಲಿ ಮ್ಯಾಲ ಹಾರಿ ಬರೂದು ಗ್ಯಾರಂಟಿ. ನಡುವಿಗೆ ಹಗ್ಗ ಬಿಗಿದ್ರ ನಿಂದರತೈತಿ ಅಂತಾರ, ಹಗ್ಗ ಬಿಗಿದ್ರ ಗಾಳಿ ಆಡೂದಿಲ್ಲ, ಮತ್ತ ಬೆವರು. ಒಟ್ಟು ತೊಯ್ಯೂದು ತಪ್ಪಂಗಿಲ್ಲ ಅಂದ್ರ ನಾ ರೊಕ್ಕ ಯಾಕ ಕೊಡಾಕತ್ತೇನಿ? ಯಾರರ ಹೇಳ್ರಿ. ಖರೇನೇ ಕೇಳಾಕತ್ತೇನಿ, ನಗಬ್ಯಾಡ್ರಿ. 50 ಲೀಟರ್ ಬ್ಯಾಗಿನ ಮ್ಯಾಲ ಪೊಂಚೊ ಹಾಕ್ಕೊಂಡು ಆ ಗಾಳ್ಯಾಗ ನಡದವ್ರು ಯಾರರ ಇದ್ದೀರೇನು? ಹಗ್ಗ ಪೊಂಚೊದ ಮ್ಯಾಲ ಕಟ್ಟಬೇಕೋ, ಬ್ಯಾಗಿನ ಪಟ್ಟಿ ಕೂಡ ಸೇರಿಸಿ ಕಟ್ಟಬೇಕೋ? ಆಂವನ್ನ ಕೇಳಿದ್ದೆ, "ಫ್ರೀ ಸೈಜ್ ರೀ ಸರ, ಏನೂ ಕಟ್ಟೂದು ಬ್ಯಾಡ" ಅಂದ. ಫ್ರೀ ಸೈಜ್ ನಂಗೋ ಬ್ಯಾಗಿಗೋ ಅಂತ ಕೇಳಬೇಕಂದೆ, ಜಗ್ ಅವನ ಕೈಯಾಗೇ ಇತ್ತು, ಸುಮ್ಮನ ಬಂದೆ.